ಡಿಜಿಸಿಆರ್8 ತೆಗೆದರೂ ಆಕ್ಟ್4 ಉಳಿಯುತ್ತೆ. ಹಾಗಾದ್ರೆ ಇಎಸ್ ಸೆಲ್‌ನಲ್ಲಿ ಮೈಕ್ರೋಆರ್‌ಎನ್‌ಎ ಮಾಡೋ ಕೆಲಸ ಏನು?

ಬೀಜಭಾಗ
ಮೈಕ್ರೋಆರ್‌ಎನ್‌ಎ ಅಂದ್ರೆ ಬೇರೆ ಜೀನ್‌ಗಳ ಎಂಆರ್‌ಎನ್‌ಎಯನ್ನು ಅಡಗಿಸೋ ಪುಟ್ಟ ಆರ್‌ಎನ್‌ಎ. ಗೊಂದಲ ಇಷ್ಟು. ಓದಿದಲ್ಲೆಲ್ಲ ಒಂದೇ ಮಾತು: ಇಲಿ ಭ್ರೂಣದ ಸ್ಟೆಮ್ ಸೆಲ್ (ಇಎಸ್ ಸೆಲ್) ಹಾಗೇ ಉಳಿಯಬೇಕಾದ್ರೆ ಮಿರ್-290 ಅನ್ನೋ ಮೈಕ್ರೋಆರ್‌ಎನ್‌ಎ ಗುಂಪು ಬೇಕೇ ಬೇಕು. 2003ರಲ್ಲಿ ಫಿಲಿಪ್ ಶಾರ್ಪ್ ಲ್ಯಾಬಿನವರು ಈ ಗುಂಪು ಇಎಸ್ ಸೆಲ್‌ಗೇ ವಿಶೇಷ ಅಂತ ತೋರಿಸಿದ್ರು. ಅದೇ ವರ್ಷ ಡೈಸರ್ (ಮೈಕ್ರೋಆರ್‌ಎನ್‌ಎಯನ್ನು ಕೊನೆಗೆ ಕತ್ತರಿಸಿ ಸಿದ್ಧ ಮಾಡೋ ಎಂಜೈಮ್) ಇಲ್ಲದ ಇಲಿ ಭ್ರೂಣ ಏಳೂವರೆ ದಿನದ ಹೊತ್ತಿಗೆ ಸಾಯುತ್ತೆ ಅಂತಲೂ ಗೊತ್ತಾಯ್ತು. ಅಲ್ಲಿವರೆಗೆ ಲೆಕ್ಕ ಸರಿಯಾಗೇ ಇದೆ.

ಆಮೇಲೆ 2005ರಲ್ಲಿ ಡೈಸರ್ ಇಲ್ಲದ ಇಎಸ್ ಸೆಲ್, 2007ರಲ್ಲಿ ಬ್ಲೆಲಾಕ್ ಲ್ಯಾಬಿನ ಡಿಜಿಸಿಆರ್8 (ಮೈಕ್ರೋಆರ್‌ಎನ್‌ಎ ತಯಾರಿಯ ಮೊದಲ ಕತ್ತರಿಗೆ ಬೇಕಾದ ಪ್ರೋಟೀನ್) ಇಲ್ಲದ ಇಎಸ್ ಸೆಲ್ ಬಂತು. ಎರಡೂ ಬದುಕಿವೆ. ನಿಧಾನವಾಗಿ ಬೆಳೆಯುತ್ತವೆ, ಆದರೆ ಪ್ಲೂರಿಪೊಟೆನ್ಸಿಯ (ಮೈಯ ಯಾವ ಬಗೆಯ ಸೆಲ್ ಆದರೂ ಆಗಬಲ್ಲ ಸಾಮರ್ಥ್ಯದ) ಗುರುತಾದ ಆಕ್ಟ್4 ಪ್ರೋಟೀನ್ ಉಳಿದಿದೆ. ಮಾಮೂಲಿ ಇಎಸ್ ಸೆಲ್‌ಗೆ ಅದೇ ಗುಂಪಿನ ಮಿರ್-294 ತಡೆಯೋ ಇನ್ಹಿಬಿಟರ್ ಹಾಕಿ 48 ಗಂಟೆ ಬಿಟ್ಟು, ಪ್ರೋಟೀನ್ ನೋಡೋಕೆ ಬ್ಲಾಟ್ ಮಾಡಿದರೂ ಆಕ್ಟ್4 ಬ್ಯಾಂಡ್ ಕದಲೋದಿಲ್ಲ. ಬೇಕೇ ಬೇಕು ಅಂದಿದ್ದು ಇಲ್ಲದೇನೂ ನಡೆಯುತ್ತೆ ಅಂದ್ರೆ ಏನರ್ಥ? ಇನ್ಹಿಬಿಟರ್ ಕೆಲಸ ಮಾಡ್ತಿಲ್ಲವೋ, ಪ್ರಶ್ನೆಯೇ ತಪ್ಪೋ?

ಜಿ1_ಎಸ್
ಪ್ರಶ್ನೆ ತಪ್ಪು. ಆಕ್ಟ್4 ಬ್ಲಾಟ್ ಈ ಪ್ರಯೋಗಕ್ಕೆ ಸರಿಯಾದ ಅಳತೆಗೋಲೇ ಅಲ್ಲ.

ತಂಪುಪೆಟ್ಟಿಗೆ
ಇನ್ಹಿಬಿಟರ್ ಕಡೆಯೂ ಒಂದು ಸಮಸ್ಯೆ ಇದೆ. ಮಿರ್-294 ಒಂದನ್ನೇ ತಡೆದರೆ ಏನೂ ಕಾಣೋದಿಲ್ಲ, ಕಾಣಬಾರದು ಕೂಡ. ಬೀಜಾನುಕ್ರಮ (ಗುರಿಯನ್ನು ಗುರುತಿಸೋ ಭಾಗ) ನೋಡಿ: ಎರಡರಿಂದ ಎಂಟನೇ ನ್ಯೂಕ್ಲಿಯೋಟೈಡ್ ಎಎಜಿಯುಜಿಸಿಯು. ಇದೇ ಏಳಕ್ಷರ ಮಿರ್-291ಎ-3ಪಿಯಲ್ಲಿದೆ, 295ರಲ್ಲಿದೆ, ಬೇರೆ ಕ್ರೋಮೋಸೋಮ್‌ನಲ್ಲಿ ಕೂತಿರೋ ಮಿರ್-302 ಎ, ಬಿ, ಸಿ, ಡಿಗಳಲ್ಲೂ ಇದೆ. ಸಾಲದ್ದಕ್ಕೆ ಮಿರ್-17, 20ಎ, 106ರಲ್ಲಿ ಒಂದಕ್ಷರ ಸರಿದ ಇದೇ ಬೀಜ. ಒಬ್ಬರು ರಜೆ ಹಾಕಿದರೆ ಆ ಕೆಲಸ ಮಾಡೋಕೆ ಇನ್ನೂ ಎಂಟು ಜನ ಇದ್ದಾರೆ. ತಡೆಯೋದೇ ಆದರೆ ಬೀಜದ ಜಾಗಕ್ಕೆ ಕೂರೋ ಪುಟ್ಟ ಎಲ್‌ಎನ್‌ಎ (ಗಟ್ಟಿಯಾಗಿ ಅಂಟೋ ಕೃತಕ ಎಳೆ) ಬಳಸಿ ಇಡೀ ಕುಟುಂಬವನ್ನು ತಡೀಬೇಕು. ಇಲ್ಲಾಂದ್ರೆ ಇನ್ಹಿಬಿಟರ್ ಬಿಟ್ಟು ಡಿಜಿಸಿಆರ್8 ಇಲ್ಲದ ಸೆಲ್‌ಗೆ ಒಂದೊಂದೇ ಮಿಮಿಕ್ (ಕೃತಕವಾಗಿ ಮಾಡಿದ ಮೈಕ್ರೋಆರ್‌ಎನ್‌ಎ) ವಾಪಸ್ ಹಾಕಿ ನೋಡಬೇಕು. ಎರಡನೇ ದಾರಿ ಎಷ್ಟೋ ಸ್ವಚ್ಛ.

ಜಿ1_ಎಸ್
ಹೌದು, ಆ ಎರಡನೇ ದಾರಿಯಲ್ಲೇ ಉತ್ತರ ಸಿಕ್ಕಿದ್ದು. ಸ್ವಲ್ಪ ಬಿಡಿಸಿ ಹೇಳ್ತೀನಿ.

ಡಿಜಿಸಿಆರ್8 ಇಲ್ಲದ ಸೆಲ್‌ನಲ್ಲಿ ದೋಷ ಎರಡು. ಒಂದು, ಸೆಲ್‌ಗಳು ಜಿ1 ಹಂತದಲ್ಲಿ, ಅಂದ್ರೆ ಡಿಎನ್‌ಎ ನಕಲಾಗೋ ಎಸ್ ಹಂತಕ್ಕೆ ಮುಂಚೆ, ಜಮಾ ಆಗುತ್ತವೆ. ಇನ್ನೊಂದು, ವಿಭೇದನಕ್ಕೆ (ಬೇರೆ ಬಗೆಯ ಸೆಲ್ ಆಗೋದಕ್ಕೆ) ತಳ್ಳಿದರೆ ಹೋಗೋದಿಲ್ಲ. ರೆಟಿನೋಯಿಕ್ ಆಸಿಡ್ ಕೊಟ್ಟರೂ ಪ್ಲೂರಿಪೊಟೆನ್ಸಿ ಜೀನ್‌ಗಳು ಪೂರ್ತಿ ಮುಚ್ಚಿಕೊಳ್ಳೋದಿಲ್ಲ, ಹಳೆ ಮೀಡಿಯಂಗೆ ವಾಪಸ್ ಹಾಕಿದರೆ ಮತ್ತೆ ಇಎಸ್ ಕಾಲೊನಿ ಏಳುತ್ತವೆ. ಈ ಎರಡು ದೋಷಕ್ಕೆ ಎರಡು ಬೇರೆ ಮೈಕ್ರೋಆರ್‌ಎನ್‌ಎ ಕುಟುಂಬಗಳು ಕಾರಣ.

ಜಿ1 ದೋಷವನ್ನು ಮಿರ್-290 ಮತ್ತು 302 ಕುಟುಂಬ ಸರಿಮಾಡುತ್ತೆ. 2008ರ ಕೆಲಸ ಅದು. ಮಿಮಿಕ್ ಒಂದೊಂದಾಗಿ ಹಾಕಿ ಬೆಳವಣಿಗೆ ಅಳೆದಾಗ ಮೇಲೆದ್ದಿದ್ದು ಇದೇ ಬೀಜದವು. ಗುರಿ ಸಿಡಿಕೆಎನ್1ಎ, ಅಂದ್ರೆ ಪಿ21. ಜೊತೆಗೆ ಆರ್‌ಬಿಎಲ್2, ಲ್ಯಾಟ್ಸ್2. ಮೂರೂ ಸೈಕ್ಲಿನ್ ಇ–ಸಿಡಿಕೆ2 ದಾರಿಗೆ ಅಡ್ಡ ನಿಲ್ಲೋ ಬ್ರೇಕುಗಳು. ಅವನ್ನು ಒತ್ತಿಹಿಡಿದಷ್ಟು ಹೊತ್ತು ಸೆಲ್ ಜಿ1 ಬೇಗ ದಾಟಿ ಎಸ್‌ಗೆ ಹೋಗುತ್ತೆ.

ಎರಡನೇ ದೋಷ, ಪ್ಲೂರಿಪೊಟೆನ್ಸಿ ಮುಚ್ಚೋ ಕೆಲಸ, ಲೆಟ್-7 ಅನ್ನೋ ಮೈಕ್ರೋಆರ್‌ಎನ್‌ಎ ಕುಟುಂಬದ್ದು. 2010ರಲ್ಲಿ ಮೆಲ್ಟನ್, ಜಡ್ಸನ್, ಬ್ಲೆಲಾಕ್ ತೋರಿಸಿದ್ದು ಇದನ್ನೇ. ಡಿಜಿಸಿಆರ್8 ಇಲ್ಲದ ಸೆಲ್‌ಗೆ ಲೆಟ್-7 ಮಿಮಿಕ್ ಹಾಕಿದರೆ ಸೆಲ್ಫ್ ರಿನ್ಯೂವಲ್ (ತನ್ನನ್ನೇ ಮತ್ತೆ ಮಾಡಿಕೊಳ್ಳೋದು) ಕುಸಿಯುತ್ತೆ. ಅದೇ ಲೆಟ್-7 ಮಾಮೂಲಿ ಇಎಸ್ ಸೆಲ್‌ಗೆ ಹಾಕಿದರೆ ಏನೂ ಆಗಲ್ಲ! ಯಾಕೆ? ಅಲ್ಲಿ ಮಿರ್-294 ಕುಟುಂಬ ಆಗಲೇ ಇದೆ. ಡಿಜಿಸಿಆರ್8 ಇಲ್ಲದ ಸೆಲ್‌ಗೆ ಲೆಟ್-7 ಮತ್ತು ಮಿರ್-294 ಒಟ್ಟಿಗೆ ಹಾಕಿದರೆ ಮತ್ತೆ ಏನೂ ಆಗಲ್ಲ.

ಹಾಗಾಗಿ ಮಿರ್-290 ಪ್ಲೂರಿಪೊಟೆನ್ಸಿಯನ್ನು ಹುಟ್ಟಿಸೋದಿಲ್ಲ. ಅದನ್ನು ಮುಚ್ಚಲು ಬರೋರನ್ನು ತಡೆಯುತ್ತೆ. ಡಿಜಿಸಿಆರ್8 ತೆಗೆದಾಗ ತಳ್ಳೋರೂ ಹೋದರು, ತಡೆಯೋರೂ ಹೋದರು. ಆಕ್ಟ್4 ಇದ್ದಲ್ಲೇ ಕೂತಿದೆ. ನಿಮ್ಮ ಬ್ಲಾಟ್ ತೋರಿಸ್ತಿರೋದು ಅದನ್ನೇ.

ಹೊಸಬ
ಇದೊಂದು ಅರ್ಥ ಆಗಲಿಲ್ಲ. ಮಾಮೂಲಿ ಇಎಸ್ ಸೆಲ್‌ನಲ್ಲಿ ಲೆಟ್-7 ಇರೋದೇ ಇಲ್ಲ ಅಲ್ವಾ? ಇಲ್ಲದ್ದನ್ನು ತಡೆಯೋಕೆ ಯಾಕೆ ಅಷ್ಟು ದೊಡ್ಡ ಕಾವಲು?

ಅಂಡಾಣು
ಒಳ್ಳೆ ಪ್ರಶ್ನೆ. ಲೆಟ್-7 ಜೀನ್ ಇಎಸ್ ಸೆಲ್‌ನಲ್ಲೂ ಓದಲ್ಪಡುತ್ತೆ. ಉದ್ದನೆಯ ಪ್ರೈ-ಲೆಟ್-7 ಇದೆ, ಪ್ರೌಢ ಲೆಟ್-7 ಇಲ್ಲ. ನಡುವೆ ಕೈ ಹಾಕೋದು ಲಿನ್28 ಪ್ರೋಟೀನ್. ಮೊದಲ ಕತ್ತರಿ ಆದ ಮೇಲಿನ ನಡುಹಂತವಾದ ಪ್ರೀ-ಲೆಟ್-7ರ ಕುಣಿಕೆಯಲ್ಲಿ ಜಿಜಿಎಜಿ ಅನ್ನೋ ನಾಲ್ಕಕ್ಷರ ಇದೆ, ಲಿನ್28ರ ಸತುವಿನ ಗೆಣ್ಣು (ಜಿಂಕ್ ನಕಲ್ ಅನ್ನೋ ಭಾಗ) ಅದನ್ನು ಹಿಡಿಯುತ್ತೆ. ಹಿಡಿದ ಮೇಲೆ ಟಿಯುಟಿ4 ಎಂಜೈಮ್ ಬಂದು ತುದಿಗೆ ಯು ಸಾಲನ್ನು ಅಂಟಿಸುತ್ತೆ. ಆ ಬಾಲ ಕಂಡ ತಕ್ಷಣ ಡಿಐಎಸ್3ಎಲ್2 ಅನ್ನೋ ಇನ್ನೊಂದು ಎಂಜೈಮ್ ಅದನ್ನು ತಿಂದುಹಾಕುತ್ತೆ. ಡೈಸರ್ ಕೈಗೆ ಅದು ಸಿಗೋದೇ ಇಲ್ಲ.

ವಿಭೇದನ ಶುರುವಾದಾಗ ಲಿನ್28 ಇಳಿಯುತ್ತೆ, ಗೋಡೌನಿನಲ್ಲಿ ಆಗಲೇ ಇದ್ದ ಸರಕು ಹೊರಬಂದ ಹಾಗೆ ಲೆಟ್-7 ಏರುತ್ತೆ, ಹೊಸದಾಗಿ ಜೀನ್ ಎಚ್ಚರಿಸೋ ಅಗತ್ಯ ಇಲ್ಲ. ಇನ್ನೂ ಒಂದು ಸುತ್ತು ಇದೆ: ಮಿರ್-294 ಕುಟುಂಬ ಪರೋಕ್ಷವಾಗಿ ಲಿನ್28 ಮತ್ತು ಸಿ-ಮಿಕ್ (ಬೆಳವಣಿಗೆಗೆ ತಳ್ಳೋ ಪ್ರೋಟೀನ್) ಎರಡನ್ನೂ ಏರಿಸುತ್ತೆ, ಲೆಟ್-7 ಎರಡನ್ನೂ ಇಳಿಸುತ್ತೆ. ಎರಡರಲ್ಲಿ ಒಂದು ಗೆದ್ದರೆ ಪೂರ್ತಿ ಗೆಲ್ಲುತ್ತೆ. ನಡುವಿನ ಸ್ಥಿತಿ ಹೆಚ್ಚು ಹೊತ್ತು ನಿಲ್ಲಲ್ಲ.

ತಂಪುಪೆಟ್ಟಿಗೆ
ಇದಕ್ಕೇ ಹೇಳೋದು, ಲೆಟ್-7 ಅಳೆಯುವಾಗ ಪ್ರೈ ಮತ್ತು ಪ್ರೌಢ ಎರಡನ್ನೂ ಅಳೀರಿ ಅಂತ. ಪ್ರೈ ಹಾಗೇ ಇದ್ದು ಪ್ರೌಢ ಏರಿದರೆ ಲಿನ್28 ಬಿಟ್ಟುಕೊಟ್ಟಿದೆ ಅಂತ. ಎರಡೂ ಏರಿದರೆ ಬೇರೆ ಕಥೆ. ಲೆಟ್-7ಎ ಮತ್ತು 7ಸಿ ನಡುವೆ ಇರೋದು ಒಂದೇ ಅಕ್ಷರ ವ್ಯತ್ಯಾಸ, ಅಳೆಯೋಕೆ ಬಳಸೋ ಸ್ಟೆಮ್-ಲೂಪ್ ಪ್ರೈಮರ್ ಅಡ್ಡಹಿಡಿಯುತ್ತೆ, ಅಂದ್ರೆ ಒಂದರ ಜೊತೆ ಇನ್ನೊಂದನ್ನೂ ಹಿಡಿಯುತ್ತೆ. ಸಿಂಥೆಟಿಕ್ 7ಎ ಮತ್ತು 7ಸಿ ಬೇರೆ ಬೇರೆ ಹಾಕಿ ಎಷ್ಟು ಅಡ್ಡಹಿಡಿತ ಇದೆ ಅಂತ ಮೊದಲು ನೋಡದೆ "ಲೆಟ್-7ಎ ಮೂರು ಪಟ್ಟು" ಅಂತ ಬರೀಬೇಡಿ.

ಉಲ್ಟಾಪ್ರಶ್ನೆ
ಜಿ1_ಎಸ್ ಅವರ ವಿವರಣೆ ಚೆನ್ನಾಗಿದೆ, ಆದರೆ ಡಿಜಿಸಿಆರ್8 ಇಲ್ಲದ ಸೆಲ್ ಅಂದ್ರೆ ಬರೀ "ಮೈಕ್ರೋಆರ್‌ಎನ್‌ಎ ಇಲ್ಲದ ಸೆಲ್" ಅಂತ ಒಪ್ಪಿಕೊಂಡು ಹೊರಟಿದ್ದೀರಿ. ಅದು ಸರಿಯಲ್ಲ. ಮೊದಲ ಕತ್ತರಿಯಾದ ಡ್ರೋಷಾ–ಡಿಜಿಸಿಆರ್8 ಜೋಡಿ ಕೆಲವು ಎಂಆರ್‌ಎನ್‌ಎಗಳ ಕುಣಿಕೆಗಳನ್ನೂ ಕತ್ತರಿಸುತ್ತೆ, ಡಿಜಿಸಿಆರ್8ರ ಸ್ವಂತ ಎಂಆರ್‌ಎನ್‌ಎಯನ್ನೂ ಬಿಡೋದಿಲ್ಲ. 2017ರಲ್ಲಿ ಸಿಯೌಡೋ ಲ್ಯಾಬಿನವರು ಡಿಜಿಸಿಆರ್8ಗೆ ಟಿಸಿಎಫ್7ಎಲ್1 ಜೀನ್‌ನ ಸ್ಪ್ಲೈಸಿಂಗ್‌ನಲ್ಲೂ (ಆರ್‌ಎನ್‌ಎ ತುಂಡು ಜೋಡಿಸೋದರಲ್ಲೂ) ಪಾತ್ರ ಇದೆ, ವಿಭೇದನಕ್ಕೆ ಹೋಗದಿರೋದಕ್ಕೆ ಅದೂ ಒಂದು ಕಾರಣ ಅಂತ ತೋರಿಸಿದ್ದಾರೆ. ಅದಕ್ಕೂ ಮೈಕ್ರೋಆರ್‌ಎನ್‌ಎಗೂ ಸಂಬಂಧ ಇಲ್ಲ. ಎಲ್ಲ ಪಾಪವನ್ನೂ ಲೆಟ್-7 ತಲೆಗೆ ಕಟ್ಟೋದು ಬೇಡ.

ಜಿ1_ಎಸ್
ಒಪ್ಪಿದೆ. ಆದರೆ ಲೆಟ್-7 ಒಂದನ್ನೇ ವಾಪಸ್ ಹಾಕಿದಾಗ ಸೆಲ್ಫ್ ರಿನ್ಯೂವಲ್ ಮುಚ್ಚಿಕೊಂಡಿತು ಅನ್ನೋದು ಉಳಿಯುತ್ತಲ್ಲ. ಅದು ನಡೆಯುವಾಗಲೂ ಸೆಲ್‌ನಲ್ಲಿ ಡಿಜಿಸಿಆರ್8 ಇರಲಿಲ್ಲ.

ಉಲ್ಟಾಪ್ರಶ್ನೆ
ಮಿಮಿಕ್ ಎಷ್ಟು ಹಾಕಿದರು ಅನ್ನೋದರ ಮೇಲೆ ಅದು ನಿಂತಿದೆ. ಸೆಲ್‌ನಲ್ಲಿ ಸಹಜವಾಗಿ ಎಂದೂ ಇರದಷ್ಟು ಲೆಟ್-7 ತುಂಬಿದರೆ ಯಾವ ಸೆಲ್ ಆದರೂ ಅಲ್ಲಾಡುತ್ತೆ.

ತಂಪುಪೆಟ್ಟಿಗೆ
ಈ ಆಕ್ಷೇಪಕ್ಕೆ ಬೆಲೆ ಕೊಡಲೇಬೇಕು. 100 ನ್ಯಾನೋಮೋಲಾರ್ ಹಾಕಿ ಬಂದ ಫಲಿತಾಂಶ ನೋಡಿದರೆ ನನಗೂ ಅನುಮಾನವೇ. 5, 10, 30 ಹೀಗೆ ಮೆಟ್ಟಿಲು ಮಾಡಿ, ಕಂಟ್ರೋಲ್ ಮಿಮಿಕ್‌ನೂ ಅದೇ ಮೆಟ್ಟಿಲಲ್ಲಿ ಹಾಕಿ. ಬೀಜದಲ್ಲಿ ಎರಡು-ಮೂರು ಅಕ್ಷರ ಬದಲಿಸಿದ ಮಿಮಿಕ್ ಅತ್ಯುತ್ತಮ ಕಂಟ್ರೋಲ್, "ಸ್ಕ್ರ್ಯಾಂಬಲ್" (ಅಕ್ಷರಗಳನ್ನೆಲ್ಲ ಕಲಸಿದ್ದು) ಅಷ್ಟಕ್ಕಷ್ಟೇ.

ಇನ್ನೊಂದು ವಿಷಯ ಬಹಳ ಜನ ಗಮನಿಸಲ್ಲ. ಸಣ್ಣ ಆರ್‌ಎನ್‌ಎ ತುಂಬಿಕೊಳ್ಳದ ಆರ್ಗೋನಾಟ್ ಪ್ರೋಟೀನ್ (ಎಜಿಒ, ಮೈಕ್ರೋಆರ್‌ಎನ್‌ಎಯನ್ನು ಹೊತ್ತು ಗುರಿಗೆ ಒಯ್ಯೋದು) ಸೆಲ್‌ನಲ್ಲಿ ಹೆಚ್ಚು ಹೊತ್ತು ಉಳಿಯೋದಿಲ್ಲ, ಒಡೆದುಹೋಗುತ್ತೆ. ಆದ್ದರಿಂದ ಡೈಸರ್ ಅಥವಾ ಡಿಜಿಸಿಆರ್8 ಇಲ್ಲದ ಸೆಲ್‌ನಲ್ಲಿ ಎಜಿಒ2 ಕಡಿಮೆ ಇರುತ್ತೆ. ಮಿಮಿಕ್ ಹಾಕಿದ ಮೇಲೆ ಎಜಿಒ2 ಏರುತ್ತೆ. ಕಂಟ್ರೋಲ್ ಮಿಮಿಕ್ ಇಲ್ಲದೆ ಬರೀ ಟ್ರಾನ್ಸ್‌ಫೆಕ್ಷನ್ ರಿಯೇಜೆಂಟ್ ಹಾಕಿದ ಸೆಲ್ ಜೊತೆ ಹೋಲಿಸಿದರೆ ಎಜಿಒ2ರ ಏರಿಕೆಯೂ ಲೆಕ್ಕಕ್ಕೆ ಸೇರಿಬಿಡುತ್ತೆ. ಮಾಮೂಲಿ ಸೆಲ್‌ನಲ್ಲಿ ಇದರ ಉಲ್ಟಾ: ಹೆಚ್ಚು ಮಿಮಿಕ್ ಹಾಕಿದರೆ ಎಜಿಒ ಸಾಲದೆ ಸೆಲ್‌ನ ಸ್ವಂತ ಮೈಕ್ರೋಆರ್‌ಎನ್‌ಎಗಳು ಹೊರಬೀಳುತ್ತವೆ, ಅವುಗಳ ಗುರಿಗಳೆಲ್ಲ ಏರುತ್ತವೆ.

ಪದಕೋಶ
ವಿಷಯಾಂತರಕ್ಕೆ ಕ್ಷಮೆ ಇರಲಿ. ಎಲ್ಲರೂ "ಸ್ಟೆಮ್ ಸೆಲ್" ಅಂತಲೇ ಬರೀತಿದ್ದೀರಿ. ಕನ್ನಡದಲ್ಲಿ ಕಾಂಡಕೋಶ, ಆಕರಕೋಶ, ಮೂಲಕೋಶ ಮೂರೂ ಬಳಕೆಯಲ್ಲಿವೆ. ಯಾವುದು ಸರಿ?

ಅಂಡಾಣು
ಕಾಂಡಕೋಶ ಅಂದ್ರೆ ಗಿಡದ ಕಾಂಡದ ಕೋಶ ಅಂತಲೇ ಓದುಗರ ಕಣ್ಣಿಗೆ ಕಟ್ಟುತ್ತೆ. ಇಲ್ಲಿ ಅರ್ಥ ವಂಶವೃಕ್ಷದ ಬುಡ ಅಂತ. ಆಕರಕೋಶ ವಾಸಿ, ಆಕರ ಅಂದ್ರೆ ಗಣಿ, ಹುಟ್ಟುವ ಜಾಗ.

ಉಲ್ಟಾಪ್ರಶ್ನೆ
ಆಕರದಲ್ಲಿ ತೆಗೆದಷ್ಟೂ ಖಾಲಿ ಆಗುತ್ತೆ. ಸ್ಟೆಮ್ ಸೆಲ್ ತನ್ನನ್ನೇ ಮತ್ತೆ ಮಾಡಿಕೊಳ್ಳುತ್ತೆ. ಆ ಅರ್ಥ ಮೂರರಲ್ಲೂ ಇಲ್ಲ.

ಪದಕೋಶ
ಒಪ್ಪುವ ಮಾತು. ಪದಕ್ಕೆ ಇಡೀ ವ್ಯಾಖ್ಯೆ ಹೊರಿಸೋಕೆ ಆಗಲ್ಲ ಅನ್ನೋದೂ ಅಷ್ಟೇ ನಿಜ. ನಾನು ಆಕರಕೋಶಕ್ಕೇ ನಿಲ್ತೀನಿ. ನೀವು ಮುಂದುವರಿಸಿ.

ಬೀಜಭಾಗ
ವಾಪಸ್ ಬರೋಣ. ಆಕ್ಟ್4 ಬ್ಲಾಟ್ ಅಳತೆಗೋಲಲ್ಲ ಅಂದ್ರಿ. ಹಾಗಾದ್ರೆ ಯಾವುದು?

ಜಿ1_ಎಸ್
ಎರಡು ಪ್ರಶ್ನೆಗೆ ಎರಡು ಪ್ರಯೋಗ.

ಜಿ1 ಪ್ರಶ್ನೆಗೆ ಪ್ರೊಪಿಡಿಯಮ್ ಅಯೋಡೈಡ್ ಫ್ಲೋ, ಅಂದ್ರೆ ಡಿಎನ್‌ಎಗೆ ಅಂಟೋ ಬಣ್ಣ ಹಾಕಿ ಸೆಲ್‌ಗಳನ್ನು ಒಂದೊಂದಾಗಿ ಯಂತ್ರದಲ್ಲಿ ಅಳೆಯೋದು. 70% ತಂಪು ಎಥನಾಲ್‌ಗೆ ಸೆಲ್‌ಗಳನ್ನು ಹನಿಹನಿಯಾಗಿ ಬಿಡಿ, ನಿಧಾನವಾಗಿ ವೋರ್ಟೆಕ್ಸ್ ಮಾಡ್ತಾ ಇರಿ, ಇಲ್ಲಾಂದ್ರೆ ಗಂಟು ಕಟ್ಟಿ ಜೋಡಿಸೆಲ್‌ಗಳೆಲ್ಲ ಜಿ2 ಥರ ಕಾಣುತ್ತವೆ. ಬಣ್ಣದ ಜೊತೆ ಆರ್‌ಎನ್‌ಏಸ್ ಎ ಹಾಕಲೇಬೇಕು, ಯಾಕಂದ್ರೆ ಆ ಬಣ್ಣ ಆರ್‌ಎನ್‌ಎಗೂ ಅಂಟುತ್ತೆ. ಮುಖ್ಯವಾದ್ದು, ತಟ್ಟೆ ತುಂಬಿದ ಸೆಲ್ ತಗೋಬೇಡಿ, ಹಿಂದಿನ ದಿನ ಮೀಡಿಯಂ ಬದಲಿಸಿ ಇನ್ನೂ ಬೆಳೀತಿರೋದನ್ನೇ ತಗೊಳ್ಳಿ. ಸೆಲ್ ಕಿಕ್ಕಿರಿದರೆ ಅಥವಾ ಸೀರಮ್ ಕಡಿಮೆಯಾದರೆ ಡಿಜಿಸಿಆರ್8 ಇಲ್ಲದವು ಜಿ1ನಲ್ಲಿ ಇನ್ನೂ ಹೆಚ್ಚು ಕೂರುತ್ತವೆ, ಮಾಮೂಲಿ ಸೆಲ್ ಅಷ್ಟಾಗಿ ಕೂರಲ್ಲ. ಅದೇ ಒಂದು ಫಲಿತಾಂಶ, ಆದರೆ ನೀವು ಅಳೆಯಬೇಕೆಂದು ಹೊರಟಿದ್ದು ಅದಲ್ಲ.

ಮುಚ್ಚಿಕೊಳ್ಳೋ ಪ್ರಶ್ನೆಗೆ ವಾಪಸಾತಿ ಪರೀಕ್ಷೆ. ಸೆಲ್‌ಗಳನ್ನು 2ಐ-ಲಿಫ್‌ನಲ್ಲಿ (ಪ್ಲೂರಿಪೊಟೆನ್ಸಿ ಉಳಿಸೋ ಎರಡು ರಾಸಾಯನಿಕ ಇನ್ಹಿಬಿಟರ್ ಮತ್ತು ಲಿಫ್ ಪ್ರೋಟೀನ್) ಬೆಳೆಸಿ: ಪಿಡಿ0325901 1 ಮೈಕ್ರೋಮೋಲಾರ್, ಚಿರ್99021 3 ಮೈಕ್ರೋಮೋಲಾರ್, ಲಿಫ್ ಮಿಲಿಲೀಟರಿಗೆ 1000 ಯೂನಿಟ್. ಅಲ್ಲಿಂದ ಎರಡೂ ಇನ್ಹಿಬಿಟರ್ ಮತ್ತು ಲಿಫ್ ತೆಗೆದು ಬರೀ ಎನ್2ಬಿ27 ಮೀಡಿಯಂನಲ್ಲಿ 48 ಗಂಟೆ ಬಿಡಿ. ಆಮೇಲೆ ಬಿಡಿಬಿಡಿ ಸೆಲ್ ಮಾಡಿ, ಎಣಿಸಿ, ಕಡಿಮೆ ಸಾಂದ್ರತೆಯಲ್ಲಿ ಮತ್ತೆ 2ಐ-ಲಿಫ್‌ಗೆ ಹಾಕಿ. ಐದಾರು ದಿನಕ್ಕೆ ಅಲ್ಕಲೈನ್ ಫಾಸ್ಫಟೇಸ್ ಬಣ್ಣ ಹಾಕಿ ಕಾಲೊನಿ ಎಣಿಸಿ. ಪ್ಲೂರಿಪೊಟೆನ್ಸಿ ದಾಟಿಹೋದ ಸೆಲ್ 2ಐನಲ್ಲಿ ಬದುಕೋದಿಲ್ಲ, ದಾಟದೇ ಇದ್ದದ್ದು ಕಾಲೊನಿ ಮಾಡುತ್ತೆ. ಡಿಜಿಸಿಆರ್8 ಇಲ್ಲದ್ದರಲ್ಲಿ ಕಾಲೊನಿ ಹೆಚ್ಚು ಬರುತ್ತೆ.

ತಂಪುಪೆಟ್ಟಿಗೆ
ಒಂದು ಎಚ್ಚರಿಕೆ ಸೇರಿಸಿ. ಡಿಜಿಸಿಆರ್8 ಇಲ್ಲದ ಸೆಲ್ ಬಿಡಿಸಿ ಹಾಕಿದಾಗ ಅಂಟಿಕೊಳ್ಳೋದೂ ಕಡಿಮೆ, ಕಾಲೊನಿಯೂ ಚಿಕ್ಕದು. ಹಾಗಾಗಿ 2ಐ ತೆಗೆಯದೇ ಇಟ್ಟ ಸೆಲ್‌ಗಳನ್ನೂ ಅದೇ ದಿನ ಅಷ್ಟೇ ಸಂಖ್ಯೆಯಲ್ಲಿ ಹಾಕಿ, ಅದರ ಕಾಲೊನಿ ಸಂಖ್ಯೆಯಿಂದ ಭಾಗಿಸಬೇಕು. ಮತ್ತೆ, ಈ ಮ್ಯೂಟೆಂಟ್ ಸೆಲ್‌ಗಳನ್ನು ಇಪ್ಪತ್ತು ಮೂವತ್ತು ಪ್ಯಾಸೇಜ್ (ಹೊಸ ತಟ್ಟೆಗೆ ದಾಟಿಸೋ ಸುತ್ತು) ಓಡಿಸಬೇಡಿ. ನಿಧಾನ ಬೆಳೆಯೋ ಸೆಲ್‌ಗಳ ನಡುವೆ ವೇಗ ಸಿಕ್ಕ ಒಂದು ಸೆಲ್ ಬಂದರೆ ಕೆಲವೇ ವಾರದಲ್ಲಿ ತಟ್ಟೆ ಪೂರ್ತಿ ಅದರದ್ದೇ. ಆಗ ಜಿ1 ದೋಷ ಇಲ್ಲ ಅನ್ನೋ ತಪ್ಪು ತೀರ್ಮಾನಕ್ಕೆ ಬರ್ತೀರಿ. ಮೊದಲ ಪ್ಯಾಸೇಜ್‌ಗಳಲ್ಲೇ ಸಾಕಷ್ಟು ವೈಲ್ ಫ್ರೀಜ್ ಮಾಡಿಡಿ.

ಅಂದ ಹಾಗೆ ಆರ್‌ಎನ್‌ಏಸ್ ಎ ಬಾಟಲಿಯನ್ನು ಆರ್‌ಎನ್‌ಎ ತೆಗೆಯೋ ಮೇಜಿನ ಹತ್ತಿರ ತರಬೇಡಿ. ಅದಕ್ಕೆ ಬೇರೆ ಪಿಪೆಟ್, ಬೇರೆ ಕೈಗವಸು, ಬೇರೆ ಕಸದ ಚೀಲ. ಆಟೋಕ್ಲೇವ್ ಮಾಡಿದರೂ ಅದು ಸಾಯಲ್ಲ.

ಹೊಸಬ
ಫೀಡರ್ ಮೇಲೆ ಬೆಳೆಸಿದ ಇಎಸ್ ಸೆಲ್‌ನಲ್ಲಿ ಇದೆಲ್ಲ ಮಾಡಬಹುದಾ?

ಅಡಾಪ್ಟರ್
ಸಣ್ಣ ಆರ್‌ಎನ್‌ಎ ಅಳೆಯೋಕೆ ಬೇಡವೇ ಬೇಡ. ಫೀಡರ್ ಅಂದ್ರೆ ಇಎಸ್ ಸೆಲ್‌ಗೆ ಆಸರೆಯಾಗಿ ಕೆಳಗೆ ಹಾಸೋ ಫೈಬ್ರೋಬ್ಲಾಸ್ಟ್; ಅದರಲ್ಲಿ ಲೆಟ್-7, ಮಿರ್-21, ಮಿರ್-29 ಧಾರಾಳ. ಇಎಸ್ ಸೆಲ್‌ನಲ್ಲಿ ಇವೇ ತೀರಾ ಕಡಿಮೆ. ನೂರಕ್ಕೆ ಐದು ಫೀಡರ್ ಉಳಿದರೂ ನಿಮಗೆ ಕಾಣೋ ಲೆಟ್-7 ಬಹುಪಾಲು ಅವುಗಳದ್ದೇ. ತಪ್ಪಿಸೋಕಾಗದಿದ್ದರೆ 0.1% ಜೆಲಟಿನ್ ಹಚ್ಚಿದ ತಟ್ಟೆಗೆ 30–45 ನಿಮಿಷ ಹಾಕಿ, ಫೀಡರ್ ಬೇಗ ಅಂಟುತ್ತೆ, ತೇಲ್ತಿರೋ ಇಎಸ್ ಸೆಲ್ ಎತ್ತಿಕೊಳ್ಳಿ. ಎರಡು ಸಲ ಮಾಡಿ. ಆಮೇಲೆ ಮಿರ್-21 ಅಳೆದು ನೋಡಿ, ಅದೇ ನಿಮ್ಮ ಮಾಲಿನ್ಯದ ಮೀಟರ್.

ಸೀರಮ್ ಕೂಡ ಅಷ್ಟೇ. ದನದ ಸೀರಮ್‌ನಲ್ಲಿ ಮೈಕ್ರೋಆರ್‌ಎನ್‌ಎ ಇರುತ್ತೆ, ಲೆಟ್-7 ದನದಲ್ಲೂ ಇಲಿಯಲ್ಲೂ ಅಕ್ಷರಶಃ ಒಂದೇ. ಸೀಕ್ವೆನ್ಸ್ ನೋಡಿ ಬೇರ್ಪಡಿಸೋಕೆ ದಾರಿಯೇ ಇಲ್ಲ. ಮೂರು ಸಲ ತೊಳೀರಿ.

ಅಂಡಾಣು
ಇಷ್ಟು ಹೊತ್ತೂ ತಟ್ಟೆಯಲ್ಲಿನ ಸೆಲ್ ಬಗ್ಗೆಯೇ ಮಾತಾಯ್ತು. ಭ್ರೂಣದ ಕಡೆ ಬನ್ನಿ, ಅಲ್ಲಿ ಚಿತ್ರವೇ ಬೇರೆ.

ಇಲಿಯ ಅಂಡಾಣುವಿನಲ್ಲಿ ಮೈಕ್ರೋಆರ್‌ಎನ್‌ಎಗಳಿವೆ, ಆದರೆ ಕೆಲಸ ಮಾಡೋದಿಲ್ಲ. 2010ರ ಎರಡು ಸಂಶೋಧನೆ ಇದನ್ನು ಖಚಿತ ಮಾಡಿದವು. ಡೈಸರ್ ಇಲ್ಲದ ಅಂಡಾಣು ಮಿಯೋಸಿಸ್‌ನಲ್ಲೇ ಕೆಡುತ್ತೆ, ಸ್ಪಿಂಡಲ್ ಅಸ್ತವ್ಯಸ್ತ. ಡಿಜಿಸಿಆರ್8 ಇಲ್ಲದ ಅಂಡಾಣು? ಸರಾಗವಾಗಿ ಪಕ್ವವಾಗುತ್ತೆ, ಗಂಡಿನಿಂದ ಒಳ್ಳೆ ಜೀನ್ ಬಂದರೆ ಮರಿಯೂ ಆಗುತ್ತೆ. ಎರಡೂ ಕಡೆ ಮೈಕ್ರೋಆರ್‌ಎನ್‌ಎ ಇಲ್ಲ, ಹಾಗಾಗಿ ವ್ಯತ್ಯಾಸಕ್ಕೆ ಕಾರಣ ಡೈಸರ್ ಮಾಡುವ ಇನ್ನೊಂದು ಬಗೆಯ ಸಣ್ಣ ಆರ್‌ಎನ್‌ಎ: ಎಂಡೋ-ಎಸ್‌ಐಆರ್‌ಎನ್‌ಎ. ಸ್ಯೂಡೋಜೀನ್‌ನ (ಕೆಟ್ಟುಹೋದ ಜೀನ್ ನಕಲಿನ) ಉಲ್ಟಾ ಎಳೆ ಮತ್ತು ನಿಜ ಜೀನ್‌ನ ಎಳೆ ಜೋಡಿಯಾಗಿ ಎರಡೆಳೆ ಆರ್‌ಎನ್‌ಎ ಆಗುತ್ತೆ, ಡೈಸರ್ ಅದನ್ನು 21–22 ಅಕ್ಷರದ ತುಂಡು ಮಾಡುತ್ತೆ. 2008ರಲ್ಲಿ ಇದು ಬೆಳಕಿಗೆ ಬಂತು.

ಇಲಿಗೆ ಮಾತ್ರ ಇದು ಯಾಕೆ ಇಷ್ಟು ಮುಖ್ಯ ಅನ್ನೋದಕ್ಕೆ 2013ರಲ್ಲಿ ಸ್ವೊಬೋಡಾ ಲ್ಯಾಬಿನಿಂದ ಉತ್ತರ ಬಂತು. ಇಲಿಯ ಡೈಸರ್ ಜೀನ್ ಒಳಗೆ ಎಂಟಿ-ಸಿ ಅನ್ನೋ ರೆಟ್ರೋಟ್ರಾನ್ಸ್‌ಪೋಸಾನ್ (ತನ್ನನ್ನೇ ನಕಲು ಮಾಡಿಕೊಂಡು ಜೀನೋಮಿನಲ್ಲಿ ಹಾರೋ ಡಿಎನ್‌ಎ ತುಂಡು) ಬಂದು ಕೂತಿದೆ. ಅಂಡಾಣುವಿನಲ್ಲಿ ಅದೇ ಪ್ರೊಮೋಟರ್ (ಜೀನ್ ಓದು ಶುರುಮಾಡೋ ಜಾಗ) ಆಗಿ, ಮುಂದಿನ ಹೆಲಿಕೇಸ್ ಭಾಗ ಇಲ್ಲದ ಗಿಡ್ಡ ಡೈಸರ್ ತಯಾರಾಗುತ್ತೆ. ಉದ್ದನೆಯ ಎರಡೆಳೆ ಆರ್‌ಎನ್‌ಎ ಕತ್ತರಿಸೋದರಲ್ಲಿ ಈ ಗಿಡ್ಡ ರೂಪ ಬಲು ಚುರುಕು. ಮನುಷ್ಯರಲ್ಲಿ ಆ ಸೇರ್ಪಡೆಯೇ ಇಲ್ಲ. ಒಂದು ಟ್ರಾನ್ಸ್‌ಪೋಸಾನ್ ಬಂದು ಕೂತು, ಟ್ರಾನ್ಸ್‌ಪೋಸಾನ್‌ಗಳನ್ನೇ ಅಡಗಿಸೋ ಯಂತ್ರಕ್ಕೆ ಹರಿತ ಕೊಟ್ಟಿದೆ. ಎಷ್ಟು ಸಲ ಯೋಚಿಸಿದರೂ ಇದು ಬೆರಗು ಹುಟ್ಟಿಸುತ್ತೆ.

ಉಲ್ಟಾಪ್ರಶ್ನೆ
ಹಾಗಾದ್ರೆ ಇಲಿಯಿಂದ ಮನುಷ್ಯನಿಗೆ ಏನನ್ನೂ ಎತ್ತಿ ಹೇಳುವಂತಿಲ್ಲ.

ಅಂಡಾಣು
ಅಂಡಾಣುವಿನ ಎಸ್‌ಐಆರ್‌ಎನ್‌ಎ ಮಟ್ಟಿಗೆ ಹೌದು. ಟ್ರಾನ್ಸ್‌ಪೋಸಾನ್ ಅಡಗಿಸೋ ಪಿಐಆರ್‌ಎನ್‌ಎ ಮಟ್ಟಿಗೂ ಹೌದು: ಅದನ್ನು ಹೊರೋ ಪಿವಿಲ್3 ಪ್ರೋಟೀನ್ ಇಲಿಯಲ್ಲಿ ಇಲ್ಲ, ಮನುಷ್ಯ ಮತ್ತು ದನದ ಅಂಡಾಣುವಿನಲ್ಲಿದೆ. ಪಿವಿಲ್1 ತೆಗೆದರೆ ಹೆಣ್ಣಿಲಿಗೆ ಏನೂ ಆಗಲ್ಲ, ಹೆಣ್ಣು ಗೋಲ್ಡನ್ ಹ್ಯಾಮ್‌ಸ್ಟರ್ ಬಂಜೆಯಾಗುತ್ತೆ, 2021ರಲ್ಲಿ ತೋರಿಸಿದ್ದು. "ಸಸ್ತನಿಯ ಹೆಣ್ಣಿಗೆ ಪಿಐಆರ್‌ಎನ್‌ಎ ಬೇಕಿಲ್ಲ" ಅಂತ ಅಲ್ಲಿವರೆಗೆ ನಂಬಿದ್ದು ಇಲಿಯ ಮಟ್ಟಿಗಷ್ಟೇ ನಿಜ.

ಎಎಜಿಯುಜಿಸಿಯು ಕುಟುಂಬ ಮಾತ್ರ ಎರಡೂ ಕಡೆ ಇದೆ. ಇಲಿಯ 290–295ಕ್ಕೆ ಮನುಷ್ಯನಲ್ಲಿ 371–373, ಕ್ರೋಮೋಸೋಮ್ 19ರಲ್ಲಿ. ಅದರ ಪಕ್ಕದಲ್ಲೇ ಪ್ರೈಮೇಟ್‌ಗಳಿಗೆ ಮಾತ್ರ ಇರುವ ಸಿ19ಎಂಸಿ ಎಂಬ ದೊಡ್ಡ ಗುಂಪು. ಅದರಲ್ಲೂ ಮಿರ್-520 ಮೊದಲಾದವು ಇದೇ ಬೀಜ ಹೊತ್ತಿವೆ. ಅಕ್ಕಪಕ್ಕದ ಅಕ್ಷರ ಬದಲಾದರೂ ಆ ಏಳು ಬದಲಾಗಿಲ್ಲ.

ಬೀಜಭಾಗ
ಅಂದ್ರೆ ಅಂಡಾಣುವಿನಲ್ಲಿ ಮೈಕ್ರೋಆರ್‌ಎನ್‌ಎ ಮಲಗಿದೆ, ಇಎಸ್ ಸೆಲ್‌ನಲ್ಲಿ ಎದ್ದಿದೆ. ನಡುವೆ ಎಲ್ಲಿ ಏಳುತ್ತೆ?

ಅಂಡಾಣು
ಭ್ರೂಣದ ಸ್ವಂತ ಜೀನೋಮ್ ಎಚ್ಚರಗೊಂಡ ಮೇಲೆ. ಇಲಿಯಲ್ಲಿ ಅದು ಎರಡು ಕೋಶದ ಹಂತ. ಅಲ್ಲಿಂದ ನಾಲ್ಕು ಕೋಶದ ಹೊತ್ತಿಗೆ ಮಿರ್-290 ಗುಂಪು ಹೊಸದಾಗಿ ತಯಾರಾಗೋಕೆ ಶುರುವಾಗಿ ಬ್ಲಾಸ್ಟೋಸಿಸ್ಟ್ (ಗರ್ಭಕೋಶಕ್ಕೆ ಅಂಟುವ ಮುಂಚಿನ ಹಂತ) ತನಕ ಏರುತ್ತಲೇ ಹೋಗುತ್ತೆ. ಗರ್ಭಕೋಶಕ್ಕೆ ಅಂಟಿದ ಮೇಲೆ ಎಪಿಬ್ಲಾಸ್ಟ್‌ನಲ್ಲಿ (ಮುಂದೆ ಮೈಯಾಗೋ ಭಾಗದಲ್ಲಿ) ಮಿರ್-302 ಕೈಗೆತ್ತಿಕೊಳ್ಳುತ್ತೆ. ಆದರೂ ತಾಯಿಯಿಂದಲೂ ಸ್ವಂತಕ್ಕೂ ಡಿಜಿಸಿಆರ್8 ಇಲ್ಲದ ಭ್ರೂಣ ಬ್ಲಾಸ್ಟೋಸಿಸ್ಟ್ ತನಕ ತಕರಾರಿಲ್ಲದೆ ಬರುತ್ತೆ. ಸಾಯೋದು ಅದಾದ ಮೇಲೆ, ಗ್ಯಾಸ್ಟ್ರುಲೇಷನ್ (ಭ್ರೂಣದ ಪದರಗಳು ರೂಪುಗೊಳ್ಳೋ) ಹೊತ್ತಿಗೆ. ಒಂದು ಸ್ಥಿತಿಯಿಂದ ಇನ್ನೊಂದಕ್ಕೆ ದಾಟುವ ಜಾಗದಲ್ಲಿ ಮುಗ್ಗರಿಸುತ್ತೆ, ತಟ್ಟೆಯಲ್ಲಿ ಕಂಡದ್ದೂ ಇದೇ ತಾನೆ?

ಅಂಡಾಣುವಿನಲ್ಲಿ ಯಾಕೆ ಮಲಗಿದೆ ಅನ್ನೋದಕ್ಕೆ ದೊಡ್ಡ ಕಾರಣ ಗಾತ್ರ. 80 ಮೈಕ್ರೋಮೀಟರ್ ಅಗಲದ ಸೆಲ್ ಅದು. ಬೆಳೆಯುವಾಗ ಎಂಆರ್‌ಎನ್‌ಎ ರಾಶಿ ಬೀಳುತ್ತೆ, ಮೈಕ್ರೋಆರ್‌ಎನ್‌ಎ ಮಾತ್ರ ಅದೇ ಪ್ರಮಾಣದಲ್ಲಿ ಏರಲ್ಲ. ಒಂದು ಚಿಟಿಕೆ ಉಪ್ಪನ್ನು ಕೊಡಕ್ಕೆ ಹಾಕಿದ ಹಾಗೆ. ಜೊತೆಗೆ ಅಲ್ಲಿ ಪೂರ್ತಿ ಉದ್ದದ ಎಜಿಒ2 ಬದಲು ಕತ್ತರಿಸಿದ ರೂಪ ಹೆಚ್ಚು ತಯಾರಾಗುತ್ತೆ ಅಂತಲೂ ತೋರಿಸಿದ್ದಾರೆ.

ತಂಪುಪೆಟ್ಟಿಗೆ
ಬ್ಲಾಸ್ಟೋಸಿಸ್ಟ್ ಅಳೆಯೋ ಆಲೋಚನೆ ಇದ್ದರೆ ಒಂದು ಮಾತು. ಒಂದು ಇಲಿ ಅಂಡಾಣುವಿನಲ್ಲಿ ಒಟ್ಟು ಆರ್‌ಎನ್‌ಎ ಅರ್ಧ ನ್ಯಾನೋಗ್ರಾಮ್ ಆಸುಪಾಸು. ಇಷ್ಟು ಕಡಿಮೆ ಇದ್ದಾಗ ಆರ್‌ಎನ್‌ಎ ತೆಗೆಯೋ ಟ್ರೈಜಾಲ್ ಮೋಸ ಮಾಡುತ್ತೆ. 2012ರಲ್ಲಿ ನ್ಯಾರಿ ಕಿಮ್ ಲ್ಯಾಬಿನವರು ತೋರಿಸಿದರು: ಸೆಲ್ ಸಂಖ್ಯೆ ಕಡಿಮೆ ಇದ್ದಾಗ ಜಿ, ಸಿ ಅಕ್ಷರಗಳು (ಜಿಸಿ) ಕಡಿಮೆ ಇರೋ ಮಿರ್-141ರಂಥವು ಅವಕ್ಷೇಪಿಸುವಾಗಲೇ ಕಳೆದುಹೋಗುತ್ತವೆ. ಸೆಲ್‌ನಲ್ಲಿ ಇಳಿಕೆಯಾಗಿಲ್ಲ, ಟ್ಯೂಬಿನಲ್ಲಿ ಇಳಿಕೆಯಾಗಿದೆ. ತಮ್ಮದೇ ಹಿಂದಿನ ತೀರ್ಮಾನವನ್ನು ಹಿಂದಕ್ಕೆ ಪಡೆದು ಇದನ್ನು ಹೇಳಿದರು, ಅದಕ್ಕೆ ನನಗೆ ಬಹಳ ಗೌರವ ಇದೆ.

ಉಪಾಯ ಏನೆಂದರೆ, ವಾಹಕವಾಗಿ ಗ್ಲೈಕೋಜನ್ ಅಥವಾ ಲೀನಿಯರ್ ಅಕ್ರಿಲಮೈಡ್ ಹಾಕಿ, ಐಸೋಪ್ರೊಪನಾಲ್ ಹಾಕಿದ ಮೇಲೆ ಮೈನಸ್ 20ರಲ್ಲಿ ರಾತ್ರಿಯಿಡೀ ಬಿಡಿ, ತೊಳೆಯೋಕೆ 75 ಬದಲು 80% ಎಥನಾಲ್. ಯೀಸ್ಟ್ ಟಿಆರ್‌ಎನ್‌ಎ ವಾಹಕವಾಗಿ ಬಳಸಲೇಬೇಡಿ, ಸೀಕ್ವೆನ್ಸ್ ಮಾಡಿದಾಗ ಲೈಬ್ರರಿ (ಸೀಕ್ವೆನ್ಸ್‌ಗೆ ಸಿದ್ಧ ಮಾಡಿದ ತುಂಡುಗಳ ಸಂಗ್ರಹ) ತುಂಬ ಅದೇ. ಹಯಲುರೋನಿಡೇಸ್ ಆದ ಮೇಲೂ ಅಂಡಾಣುವಿಗೆ ಅದರ ಸುತ್ತ ಇದ್ದ ಎರಡು ಮೂರು ಕ್ಯುಮ್ಯುಲಸ್ ಸೆಲ್ ಅಂಟಿರುತ್ತವೆ. ಟೈರೋಡ್ ಆಸಿಡ್‌ನಲ್ಲಿ ಜೋನಾ (ಹೊರಗಿನ ಪೊರೆ) ಕರಗಿಸಿದರೆ ಅವೂ ಹೋಗುತ್ತವೆ. ಕರಗೋದು ಕಣ್ಣಿಗೆ ಕಾಣುತ್ತೆ: ಅಂಚಿನ ಗಾಜಿನಂಥ ಬಳೆ ಮಸುಕಾಗಿ, ಒಮ್ಮೆಲೆ ಇಲ್ಲವಾಗುತ್ತೆ. ಆ ಕ್ಷಣವೇ ಎತ್ತಿ ನಾಲ್ಕು ಹನಿಗಳಲ್ಲಿ ದಾಟಿಸಿ. ಹನಿಗೆ ಬಿಎಸ್‌ಎ ಬದಲು ಪಿವಿಪಿ 0.1%. ಜೋನಾ ಇಲ್ಲದ ಭ್ರೂಣ ಗಾಜಿಗೆ ಅಂಟಿಕೊಳ್ಳುತ್ತೆ, ಪಿವಿಪಿ ಇಲ್ಲದೆ ಪಿಪೆಟ್ ಒಳಗೇ ಉಳಿಯುತ್ತೆ.

ಅಡಾಪ್ಟರ್
ಲೈಬ್ರರಿ ಮಾಡುವಾಗ ಇನ್ನಷ್ಟು. 22 ಅಕ್ಷರದ ತುಂಡು ಇದ್ದ ಲೈಬ್ರರಿಗೂ ಖಾಲಿ ಅಡಾಪ್ಟರ್ (ಎರಡು ತುದಿಗೆ ಅಂಟಿಸೋ ಕೃತಕ ತುಂಡು) ಜೋಡಿಗೂ ಜೆಲ್ ಮೇಲೆ ವ್ಯತ್ಯಾಸ ಅಷ್ಟೇ, 22. ಒಂದು 147ರ ಹತ್ತಿರ, ಇನ್ನೊಂದು 125ರ ಹತ್ತಿರ. ಕಡಿಮೆ ಆರ್‌ಎನ್‌ಎ ಇದ್ದಾಗ ಖಾಲಿ ಜೋಡಿಯೇ ಗೆಲ್ಲುತ್ತೆ. ಪಿಸಿಆರ್ ಸೈಕಲ್ ಏರಿಸೋದು ಪರಿಹಾರ ಅಲ್ಲ, ಅಡಾಪ್ಟರ್ ಇಳಿಸೋದು ಪರಿಹಾರ. ಲೈಗೇಸ್ ಕೆಲವು ತುದಿಗಳನ್ನು ಮಾತ್ರ ಇಷ್ಟಪಡುತ್ತೆ, ಹಾಗಾಗಿ ಅಡಾಪ್ಟರ್ ತುದಿಯಲ್ಲಿ ನಾಲ್ಕು ಯಾದೃಚ್ಛಿಕ ಅಕ್ಷರ ಇರೋದನ್ನೇ ತಗೊಳ್ಳಿ.

ಇಎಸ್ ಸೆಲ್ ಮತ್ತು ಭ್ರೂಣದಲ್ಲಿ ಟಿಆರ್‌ಎನ್‌ಎ ತುಂಡುಗಳ ಮೇಲೆ ಈಗ ಎಲ್ಲರ ಕಣ್ಣು. ಅವು ಬೇಕಾದರೆ ಮಾಮೂಲಿ ಕಿಟ್ ಸಾಲದು. ಎಷ್ಟೋ ತುಂಡುಗಳ ತುದಿಯಲ್ಲಿ ಸೈಕ್ಲಿಕ್ ಫಾಸ್ಫೇಟ್ ಇರುತ್ತೆ, ಅಡಾಪ್ಟರ್ ಅಂಟೋದೇ ಇಲ್ಲ, ಅದನ್ನು ತೆಗೆಯೋಕೆ ಮೊದಲು ಟಿ4 ಪಿಎನ್‌ಕೆ ಎಂಜೈಮ್ ಬೇಕು. ಮಧ್ಯದ ಮಿಥೈಲ್ ಗುರುತುಗಳಲ್ಲಿ ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ನಿಂತುಬಿಡುತ್ತೆ, ಆ ಗುರುತು ಅಳಿಸೋಕೆ ಆಲ್ಕ್‌ಬಿ ಎಂಜೈಮ್.

ಹೊಸಬ
ಟಿಆರ್‌ಎನ್‌ಎ ತುಂಡು ಅಂದ್ರೆ ಒಡೆದ ಕಸ ಅಲ್ವಾ?

ಅಡಾಪ್ಟರ್
ಎಲ್ಲವೂ ಅಲ್ಲ. 2016ರಲ್ಲಿ ರಾಂಡೋ ಲ್ಯಾಬ್: ಗ್ಲೈಸಿನ್ ಜಿಸಿಸಿ ಟಿಆರ್‌ಎನ್‌ಎಯ ತುಂಡು ಇಎಸ್ ಸೆಲ್‌ನಲ್ಲೂ ಭ್ರೂಣದಲ್ಲೂ ಎಂಇಆರ್‌ವಿಎಲ್ ಅನ್ನೋ ರೆಟ್ರೋಟ್ರಾನ್ಸ್‌ಪೋಸಾನ್‌ಗೆ ತಗುಲಿಕೊಂಡ ಜೀನ್‌ಗಳನ್ನು ಅಡಗಿಸುತ್ತೆ. 2017ರಲ್ಲಿ ಮಾರ್ಟಿಯೆನ್ಸನ್ ಲ್ಯಾಬ್: ಸಿಸಿಎ ತುದಿಯ 18 ಮತ್ತು 22 ಅಕ್ಷರದ ತುಂಡುಗಳು ಎಲ್‌ಟಿಆರ್ ರೆಟ್ರೋಟ್ರಾನ್ಸ್‌ಪೋಸಾನ್‌ಗಳನ್ನು ತಡೆಯುತ್ತವೆ. ಆ ವೈರಸ್‌ನಂಥವು ತಮ್ಮನ್ನು ನಕಲು ಮಾಡಿಕೊಳ್ಳಲು ಟಿಆರ್‌ಎನ್‌ಎಯನ್ನೇ ಪ್ರೈಮರ್ ಮಾಡಿಕೊಳ್ಳುತ್ತವೆ, 18 ಅಕ್ಷರದ ತುಂಡು ಆ ಜಾಗದಲ್ಲಿ ಹೋಗಿ ಕೂರುತ್ತೆ.

ಉಲ್ಟಾಪ್ರಶ್ನೆ
ಎಂಇಆರ್‌ವಿಎಲ್ ಅಂದ್ರೆ ಎರಡು ಕೋಶದ ಹಂತದ ಗುರುತು. ಮಿರ್-34ಎ ಇಲ್ಲದ ಇಎಸ್ ಸೆಲ್‌ನಲ್ಲೂ ಅದೇ ಏಳುತ್ತೆ, 2017ರಲ್ಲಿ ಲಿನ್ ಹೇ ಲ್ಯಾಬ್, ಗಾಟಾ2 ಮೂಲಕ. ಆ ಸೆಲ್‌ಗಳು ಭ್ರೂಣದ ಭಾಗವನ್ನೂ ಅದರ ಹೊರಪೊರೆಗಳನ್ನೂ ಮಾಡಬಲ್ಲವು. ಮಿರ್-34ಎ ಆ ಸಾಮರ್ಥ್ಯವನ್ನು ಕಿರಿದು ಮಾಡುತ್ತೆ. ಜಿ1_ಎಸ್, ಇದು ನಿಮ್ಮ ವಾದಕ್ಕೇ ಬಲ, ಅದಕ್ಕೆ ಹೇಳ್ತಿದ್ದೀನಿ.

ಜಿ1_ಎಸ್
ಧನ್ಯವಾದ. ಮಿರ್-290 ಇಲ್ಲದ ಇಲಿಗಳ ವಿಷಯವೂ ಅದೇ. ಕೆಲವು ಭ್ರೂಣ ಸಾಯುತ್ತವೆ, ಕೆಲವು ಹುಟ್ಟುತ್ತವೆ. ಹುಟ್ಟಿದ ಹೆಣ್ಣು ಬಂಜೆ, ಬೀಜಕೋಶಗಳು (ಮುಂದೆ ಅಂಡಾಣು ಆಗೋ ಜರ್ಮ್ ಸೆಲ್) ಸಾಲದೆ. 302 ಇಲ್ಲದವು ನ್ಯೂರಲ್ ಟ್ಯೂಬ್ ಮುಚ್ಚಿಕೊಳ್ಳದೆ ಸಾಯುತ್ತವೆ. ಯಾವುದರಲ್ಲೂ ಇನ್ನರ್ ಸೆಲ್ ಮಾಸ್ (ಇಎಸ್ ಸೆಲ್ ತೆಗೆಯೋ ಬ್ಲಾಸ್ಟೋಸಿಸ್ಟ್ ಒಳಗುಂಪು) ಹುಟ್ಟೋದೇ ನಿಂತುಹೋಗಲ್ಲ.

ಬೀಜಭಾಗ
ಸರಿ, ಬ್ಲಾಟ್ ಬಿಟ್ಟು ವಾಪಸಾತಿ ಪರೀಕ್ಷೆ. ಡಿಜಿಸಿಆರ್8 ಇಲ್ಲದ ಸೆಲ್, ಲೆಟ್-7 ಮತ್ತು ಮಿರ್-294 ಒಂಟಿಯಾಗಿ, ಜೋಡಿಯಾಗಿ, ಬೀಜ ಬದಲಿಸಿದ ಕಂಟ್ರೋಲ್ ಜೊತೆ, 10 ಮತ್ತು 30 ನ್ಯಾನೋಮೋಲಾರ್. ಜೋಡಿ ಹಾಕುವಾಗ ಒಟ್ಟು ಪ್ರಮಾಣ ಸಮ ಮಾಡೋಕೆ ಒಂಟಿಗಳಿಗೆ ಕಂಟ್ರೋಲ್ ಮಿಮಿಕ್ ಸೇರಿಸಬೇಕು, ಸರಿನಾ? ಇನ್ನು ಕ್ಯುಪಿಸಿಆರ್‌ನಲ್ಲಿ ಹೋಲಿಸಿ ಅಳೆಯೋಕೆ ಯು6 ಆರ್‌ಎನ್‌ಎ ಸಾಕಾ?

ತಂಪುಪೆಟ್ಟಿಗೆ
ಒಟ್ಟು ಪ್ರಮಾಣದ ಮಾತು ಸರಿ. ಯು6 ಬೇಡ. ಅದು ಪಾಲಿಮರೇಸ್ 3ರ ಸರಕು, ಉದ್ದವೂ ಬೇರೆ, ಸೆಲ್ ಬೆಳೆಯೋ ವೇಗ ಬದಲಾದರೆ ಅದೂ ಬದಲಾಗುತ್ತೆ. ಬೇರೆ ಮೈಕ್ರೋಆರ್‌ಎನ್‌ಎಗಳ ಸರಾಸರಿಯೂ ಇಲ್ಲಿ ನಡೆಯಲ್ಲ, ಇರೋದೇ ಇಲ್ಲವಲ್ಲ. ಸ್ನೋ-202, ಸ್ನೋ-234 ಅನ್ನೋ ಸಣ್ಣ ಆರ್‌ಎನ್‌ಎ ಎರಡನ್ನೂ ಬಳಸಿ.

ಅಡಾಪ್ಟರ್
ಸೀಕ್ವೆನ್ಸ್ ಮಾಡೋದಾದರೆ ಸ್ಪೈಕ್-ಇನ್ (ಅಳತೆ ಗೊತ್ತಿದ್ದು ಹಾಕೋ ಕೃತಕ ಆರ್‌ಎನ್‌ಎ) ಕಡ್ಡಾಯ. ಡಿಜಿಸಿಆರ್8 ಇಲ್ಲದ ಲೈಬ್ರರಿಯಲ್ಲಿ ಮೈಕ್ರೋಆರ್‌ಎನ್‌ಎ ಖಾಲಿ, ಆದರೆ ಒಟ್ಟು ರೀಡ್ ಅಷ್ಟೇ. ಹತ್ತು ಲಕ್ಷಕ್ಕೆ ಇಷ್ಟು ಅಂತ ಲೆಕ್ಕ ಹಾಕಿದರೆ ಟಿಆರ್‌ಎನ್‌ಎ ತುಂಡು, ಆರ್‌ಆರ್‌ಎನ್‌ಎ ತುಂಡು ಎಲ್ಲ ಹಲವು ಪಟ್ಟು ಏರಿದ ಹಾಗೆ ಕಾಣುತ್ತೆ. ಏನೂ ಏರಿರೋದಿಲ್ಲ.

ಬೀಜಭಾಗ
ಸ್ಪೈಕ್-ಇನ್ ಆರ್‌ಎನ್‌ಎ ತೆಗೆದಾದ ಮೇಲೆ ಹಾಕೋದಾ?

ಅಡಾಪ್ಟರ್
ಇಲ್ಲ, ಲೈಸಿಸ್ ಬಫರ್‌ಗೇ. ಬರೀ ಬಫರ್‌ಗೆ ಹಾಕಿ ಇಡಬೇಡಿ, ಸೆಲ್ ಪೂರ್ತಿ ಕರಗಿ ಆರ್‌ಎನ್‌ಏಸ್‌ಗಳು ಸತ್ತ ಮೇಲೆ ಹಾಕಿ. ಮೈಕ್ರೋಗ್ರಾಮ್ ಆರ್‌ಎನ್‌ಎಗೆ ಇಷ್ಟು ಅಂತಲ್ಲ, ಎಣಿಸಿದ ಸೆಲ್ ಸಂಖ್ಯೆಗೆ ಇಷ್ಟು ಅಂತ. ಜಿಸಿ ಹೆಚ್ಚಿರೋದು ಒಂದು, ಕಡಿಮೆ ಇರೋದು ಒಂದು, ಎರಡಾದರೂ ಹಾಕಿ. ಕಡಿಮೆ ಇರೋದು ಮಾತ್ರ ಇಳಿದಿದ್ದರೆ ಅವಕ್ಷೇಪಿಸುವಾಗ ಕಳ್ಕೊಂಡಿದ್ದೀರಿ ಅಂತ ಅಲ್ಲೇ ಗೊತ್ತಾಗುತ್ತೆ.